ಒಂಬತ್ತನೇ ಪಂಕ್ತಿಯ ಲಿಂಗರಾಜು

ಮಳವಳ್ಳಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಲಿಂಗರಾಜು ಜಂಬ ಕೊಚ್ಚದೇ ಇದ್ದಿದ್ದರೆ ಆವತ್ತು ಏನೂ ಆಗುತ್ತಿರಲಿಲ್ಲ.

ಅವನು ಮದ್ದೂರಿನ ಬಾಡೂಟದ ಅಡುಗೆ ಕಂಟ್ರಾಕ್ಟರು. ಎದುರಿಗೆ ಕಾಫಿ ಹೀರುತ್ತಿದ್ದವರು ಹಲಗೂರಿನ ಮುದ್ದಯ್ಯ. ಮಗಳ ಮದುವೆಯ ಬೀಗರೂಟ ಯಾರಿಗೆ ಒಪ್ಪಿಸುವುದೆಂದು ಯೋಚಿಸುತ್ತಿದ್ದರು. ಅರ್ಧ ತಾಲ್ಲೂಕೇ ಉಣ್ಣುವ ಊಟ. ಅದೊಂದು ಸಿಕ್ಕಿದರೆ ಲಿಂಗರಾಜನ ಹೆಸರು ಎಲ್ಲರ ಬಾಯಲ್ಲೂ ಇರುತ್ತಿತ್ತು, ಖೈಮಾ ಉಂಡೆಯ ಜೊತೆಗೆ.

“ನನ್ನ ಬಗ್ಗೆ ನಾನೇನು ಏಳ್ಲಿ ಮುದ್ದಯ್ನೋರೆ? ಫೋನ್ನಾಗೆ ಬೀಗರೂಟ ಅಂತ ಸರ್ಚ್ ಮಾಡಿ. ಮೊದಲ್ನೇ ವೆಬ್‌ಸೈಟೇ ನಮ್ದು!”

ಮುದ್ದಯ್ಯ ಕನ್ನಡಕ ಏರಿಸಿದರು. ಮೊದಲನೆಯದು ಯಾರೋ. ಎರಡನೆಯದು ಇನ್ಯಾರೋ. ಬೆರಳು ಬಾವಿಗಿಳಿದ ಹಗ್ಗದಂತೆ ಇಳಿದೂ ಇಳಿದೂ ಒಂಬತ್ತನೆಯದರಲ್ಲಿ ಲಿಂಗರಾಜು ಸಿಕ್ಕಿದ.

“ಒಂಬತ್ನೇ ಪಂಕ್ತೀಲಿ ಕೂತೋನ್ಗೆ ಬರೀ ಮೂಳೆ ಕಣಪ್ಪ,” ಎಂದು ಮುದ್ದಯ್ಯ ಎದ್ದರು. “ಸಂಜೆ ನೆಂಟ್ರನ್ನ ಕರ್ಯಕ್ಕೆ ಮದ್ದೂರ್ಗೇ ಬತ್ತೀನಿ. ಇನ್ನೊಂದ್ಸಲ ನೋಡಿ ಏಳ್ತೀನಿ, ಬುಡು.”

ಮದ್ದೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಲಿಂಗರಾಜನ ಮುಖ ತಣ್ಣಗಾದ ಮುದ್ದೆಯಂತಿತ್ತು. ಸರಿಹೋಗುವವರೆಗೂ ಆ ದರಿದ್ರ ಪಟ್ಟಿಯನ್ನು ಮತ್ತೆ ನೋಡುವುದಿಲ್ಲ ಎಂದು ಫೋನನ್ನು ಜೇಬಿಗೆ ತುರುಕಿದ. ಇಳಿದವನೇ ಪ್ರಿಯಾಂಕಳ ಕಂಪ್ಯೂಟರ್ ಅಂಗಡಿಗೆ ನುಗ್ಗಿದ. ವೆಬ್‌ಸೈಟು ಮಾಡಿಕೊಟ್ಟವಳು ಅವಳೇ.

“ಒಂಬತ್ತಕ್ಕೆ ಬಿದ್ದೋಗಿವ್ನಿ ಕಣಮ್ಮ! ಎಲ್ಲಾ ಬದಲಾಯ್ಸು!”

“ಅದು ಏಳ್ತದೆ, ಬೀಳ್ತದೆ ಲಿಂಗಣ್ಣ. ಸ್ವಲ್ಪ ದಿನ ಕೈ ಹಾಕ್ಬಾರ್ದು. ಹಿಟ್ಟು ಹಾಕಿದ ತಕ್ಷಣ ಮುದ್ದೆ ತಿರುವಿದ್ರೆ ಗಂಟಾಯ್ತದೆ ಅಂತ ನೀವೇ ಆಳುಗಳಿಗೆ ಬಯ್ತೀರಲ್ಲ?”

“ಮುದ್ದೆ ಬೇರೆ, ಮರ್ವಾದೆ ಬೇರೆ!”

ಆ ಕೂಗಿಗೆ ಎದುರಿನ ಟೀ ಅಂಗಡಿಯ ರೇವಣ್ಣ ಸೌಟು ಹಿಡಿದುಕೊಂಡೇ ಬಂದ. “ಊರ ಎಸ್ರು ಸಾಲ್ದು ಕಣ್ಲಾ. ಮಂಡ್ಯ, ಗುತ್ತಲು, ಹೊಳಲು ಎಲ್ಲಾ ಸೇರ್ಸು. ಒಪ್ಪತ್ತು ಮಾಡೋರು, ಬಾಡು ಮುಟ್ಟದೋರೂ ಹುಡುಕ್ತಾರೆ. ‘ಶುದ್ಧ ಸಸ್ಯಾಹಾರಿ’ ಅಂತ್ಲೂ ಹಾಕು!”

ಪಕ್ಕದ ಹೂವಿನಂಗಡಿಯ ಪುಟ್ಟಮಾದಮ್ಮ ಮೊಳ ಹಾಕುವುದನ್ನು ಬಿಟ್ಟು ಪರದೆಗೆ ಮೂಗು ತಾಗಿಸಿದಳು. ತಟ್ಟೆ ತುಂಬ ಚಾಪ್ಸು ಮಿರಮಿರ ಮಿನುಗುತ್ತಿತ್ತು.

“ಅಯ್ಯೋ ಲಿಂಗಾ, ಲೋಕಕ್ಕೆಲ್ಲಾ ಬಾಡು ತೆರೆದಿಟ್ಟಿದ್ದೀಯಲ್ಲೋ! ದೃಷ್ಟಿ ತಾಕ್ದೆ ಇನ್ನೇನಾದದು? ಮನೆ ಮುಂದೆ ಏನ್ ಕಟ್ತೀಯ ನೀನು?”

“ಬೂದುಗುಂಬಳಕಾಯಿ.”

“ಮತ್ತೆ ಇಲ್ಲಿಗೆ?”

ಲಿಂಗರಾಜನಿಗೆ ಜ್ಞಾನೋದಯವಾಯಿತು. ಪ್ರಿಯಾಂಕ ತಲೆ ಚಚ್ಚಿಕೊಂಡರೂ ಕೇಳಲಿಲ್ಲ. ಚಾಪ್ಸು ಹೋಯಿತು. ಮೀಸೆ, ಕೋರೆಹಲ್ಲು ಬರೆದ ಬೂದುಗುಂಬಳಕಾಯಿಯೊಂದು ಪರದೆಯ ತುಂಬ ಕೂತು ಎಲ್ಲರನ್ನೂ ಗುರಾಯಿಸಿತು. ಅದರ ಹಣೆಯ ಮೇಲೆ ‘ಶುದ್ಧ ಸಸ್ಯಾಹಾರಿ’.

ಸಂಜೆ ರೇವಣ್ಣನ ಬೆಂಚಿನ ಮೇಲೆ ಮುದ್ದಯ್ಯ ಕೂತರು. ಫೋನು ತೆಗೆದರು. ಎಲ್ಲರೂ ಸುತ್ತ ನೆರೆದರು.

“ಅರೆ! ಮೊದಲ್ನೇದೇ ಲಿಂಗರಾಜು!”

“ನಾನೇಳಿಲ್ವಾ?” ಪುಟ್ಟಮಾದಮ್ಮ ಚಪ್ಪಾಳೆ ತಟ್ಟಿದಳು. “ಕುಂಬಳಕಾಯಿ ಮಹಿಮೆ!”

ಪ್ರಿಯಾಂಕ ಅಂಗಡಿಯಿಂದ ಹೊರಗೆ ಬಂದಳು. “ಲಿಂಗಣ್ಣ, ಬೆಳಿಗ್ಗೆ ನೀವು ಎಲ್ಲಿ ನೋಡಿದ್ದು?”

“ಮಳವಳ್ಳೀಲಿ.”

“ಅಯ್ಯೋ ದೇವ್ರೇ! ಫೋನು ಯಾವ ಊರಲ್ಲಿ ಇರ್ತದೋ ಆ ಊರಿನವ್ರನ್ನೇ ಮೊದ್ಲು ತೋರಿಸ್ತದೆ. ಅಲ್ಲಿ ಅಲ್ಲಿಯವ್ರು, ಇಲ್ಲಿ ನೀವು. ಮದ್ದೂರಲ್ಲಿ ನೀವು ಬಿದ್ದೇ ಇರ್ಲಿಲ್ಲ!”

ಲಿಂಗರಾಜು ಮುದ್ದಯ್ಯನ ಫೋನಿಗೆ ಕೈ ಚಾಚಿದ. ಅಷ್ಟರಲ್ಲಿ ಮುದ್ದಯ್ಯ ಆ ಮೊದಲ ಹೆಸರನ್ನು ಒತ್ತಿಬಿಟ್ಟಿದ್ದರು. ಕುಂಬಳಕಾಯಿಯನ್ನು ಕಂಡು ಬೆಚ್ಚಿ ಬೆಂಚಿನ ತುದಿಗೆ ಸರಿದರು.

“ಬಾಡು ಬುಟ್ಬುಟ್ಟಾ ಲಿಂಗರಾಜು? ಒಳ್ಳೇದಾಯ್ತು ಬುಡಪ್ಪ, ಪುಣ್ಯ ಬತ್ತದೆ. ನಮ್ ಬೀಗರೂಟಕ್ಕೆ ಮಾತ್ರ ಬಾಡೇ ಬೇಕಲ್ಲ.”

“ಇಲ್ಲಾ ಮುದ್ದಯ್ನೋರೆ, ಅದು ದೃಷ್ಟಿಗೆ…”

ಮುದ್ದಯ್ಯ ಆಗಲೇ ಬೆಳಿಗ್ಗೆ ಮಳವಳ್ಳಿಯಲ್ಲಿ ಪಟ್ಟಿಯ ಮೊದಲಿಗೆ ಕಂಡವನಿಗೆ ಫೋನು ಹಚ್ಚಿ, ಒಪ್ಪಿಸಿ, ಇಟ್ಟೂ ಆಗಿತ್ತು. ಎದ್ದು ನಿಂತು ಲಿಂಗರಾಜನ ಬೆನ್ನು ತಟ್ಟಿದರು.

“ಬೇಜಾರು ಮಾಡ್ಕಬ್ಯಾಡ. ಬೀಗರೂಟಕ್ಕೆ ನೀನೂ ಬಾ. ಮೊದಲ್ನೇ ಪಂಕ್ತೀಲೇ ಕೂರುಸ್ತೀನಿ. ನಿನ್ನೆಲೆಗೆ ಮಾತ್ರ ಕುಂಬಳಕಾಯಿ ಪಲ್ಯ!”