ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸ

ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸ್ನಾನ ಮುಗಿಸಿ ಬಂದ ಮಿಲಿಮೀಟರ್ ಸಾಹೇಬರು ಎರಡು ಮಂಚಗಳ ನಡುವೆ ಟೇಪು ಹಿಡಿದು ಬೆಚ್ಚಿಬಿದ್ದರು. ನಿನ್ನೆ ಸಂಜೆ ತಾವೇ ಸರಿಸಿ ಬಿಟ್ಟ ಅಂತರ ಇಪ್ಪತ್ತು ಸೆಂಟಿಮೀಟರ್. ಈಗ ಮೂವತ್ತೊಂದು!

ಅಂಗಡಿಗಳ ತಕ್ಕಡಿ, ಅಳತೆಗೋಲು ಪರೀಕ್ಷಿಸುವ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿ ಆ ಅಡ್ಡಹೆಸರು ಗಳಿಸಿದವರಿಗೆ ಇದು ಮನೆಯೊಳಗೆ ಆನೆ ಕಳೆದುಹೋದಂತೆ. ಆದರೆ ಹೆಂಡತಿಯನ್ನು ಕೇಳುವಂತಿಲ್ಲ. ಕೇಳಿದರೆ, ಮಂಚ ಸರಿಸಿದ್ದೇಕೆಂದು ತಾವು ಹೇಳಬೇಕು.

ಹತ್ತು ದಿನದ ಹಿಂದೆ ವೈದ್ಯೆ ಅವರ ಗುಪ್ತಾಂಗದ ನರುಲಿಗಳನ್ನು ತೆಗೆದಿದ್ದರು. "ಎಚ್‌ಪಿವಿ ವೈರಸ್ಸು. ಗಾಯ ಮಾಯೋವರೆಗೂ ಲೈಂಗಿಕ ಸಂಪರ್ಕ ಬೇಡ. ಆಮೇಲೂ ಕೆಲವು ತಿಂಗಳು ಕಾಂಡೋಮ್ ಬಳಸಿ. ಅಪಾಯ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ಇದು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತೆ, ಯಾರಿಂದ ಯಾರಿಗೆ ಅಂತ ಹೇಳೋಕಾಗಲ್ಲ. ಮನೆಯವರಿಗೆ ಹೇಳಿ, ಅವರೂ ಪರೀಕ್ಷೆ ಮಾಡಿಸ್ಕೊಳ್ಳಲಿ."

ಹೇಳುವುದೆಂತು? ಹದಿನೆಂಟು ವರ್ಷ ಜೊತೆ ಬಾಳಿದವಳು 'ಎಲ್ಲಿಂದ ತಂದ್ರಿ?' ಎಂದು ಒಮ್ಮೆ ನೋಡಿದರೆ ಸಾಕು, ಬದುಕೇ ಮುಗಿಯಿತು. ಬೆನ್ನುನೋವಿನ ನೆಪ ಸವೆದ ಮೇಲೆ, ನಿನ್ನೆ ಸೆಕೆಯ ನೆಪ ಹೂಡಿ ಮಂಚ ಎಳೆದಿದ್ದರು.

ಟೇಪೇ ಕೆಟ್ಟಿರಬೇಕೆಂದು ಕಚೇರಿಗೆ ಒಯ್ದು ಉಕ್ಕಿನ ಅಳತೆಗೋಲಿನ ಪಕ್ಕ ಹಿಡಿದರು. ಕೂದಲೆಳೆಯಷ್ಟೂ ತಪ್ಪಿಲ್ಲ.

"ಯಾವ ಅಂಗಡಿ ಕೇಸು ಸಾರ್?" ಗುಮಾಸ್ತ ಇಣುಕಿದ.

"ಅಂಗಡಿ ಅಲ್ಲಯ್ಯ, ಮಂಚ..." ಬಾಯಿ ಜಾರಿತು.

"ಬೆಳೀತಾ ಇದ್ಯಾ ಸಾರ್?"

ಇಡೀ ಕಚೇರಿ ಗೊಳ್ಳೆಂದಿತು.

ಸಂಜೆ ಮನೆಗೆ ಬಂದರೆ, ಕೆಳಮನೆ ಅಜ್ಜಿ ಮೆಟ್ಟಿಲಲ್ಲೇ ಯುದ್ಧ ಗೆದ್ದ ಸೇನಾಪತಿಯಂತೆ ನಿಂತಿದ್ದರು. ಪಕ್ಕದಲ್ಲಿ ಸುತ್ತಿಗೆ ಹಿಡಿದ ಬಡಗಿ.

"ಬಾರಪ್ಪ! ನಿನ್ನೆ ಸಂಜೆ ಒಂದ್ಸಲ, ಇವತ್ತು ಬೆಳಿಗ್ಗೆ ಒಂದ್ಸಲ, ನನ್ನ ನೆತ್ತಿ ಮೇಲೆ ಮಂಚ ಎಳೆಯೋ ಸದ್ದು. ಗಂಡ ಹೆಂಡ್ತಿ ಮುನಿಸ್ಕೊಂಡ್ರೆ ನಂಗೆ ತಿಳಿಯಲ್ವಾ? ಎರಡೂ ಸೇರಿಸಿ ಮೊಳೆ ಹೊಡ್ಸಿದೀನಿ. ನಿನ್ನ ಹೆಂಡ್ತಿ ಬೇಡ ಬೇಡ ಅಂದ್ಲು, ಕೇಳ್ತೀನಾ ನಾನು?"

"ಹನ್ನೆರಡು ಮೊಳೆ ಸಾರ್. ಭೂಕಂಪ ಆದ್ರೂ ಬಿಡಲ್ಲ," ಎಂದ ಬಡಗಿ.

ಬೆಳಿಗ್ಗೆ ಒಂದ್ಸಲ? ಸಾಹೇಬರು ಎಳೆದಿದ್ದು ಸಂಜೆ ಮಾತ್ರ!

ಒಳಗೆ ಹೆಂಡತಿ ಜೋಡಿಮಂಚದ ಅಂಚಿನಲ್ಲಿ ತಲೆತಗ್ಗಿಸಿ ಕೂತಿದ್ದಳು. ಸಾಹೇಬರು ಬಾಗಿಲು ಹಾಕಿ, ನೆಲ ನೋಡುತ್ತ, ನರುಲಿಯಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ತಲೆಯೆತ್ತಿದರೆ ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಹನ್ನೊಂದು ದಿನದ ಹಿಂದೆ ಅಕ್ಕನ ಮನೆಗೆ ಅಂತ ಹೋದೆನಲ್ಲ, ಹೋಗಿದ್ದು ಆಸ್ಪತ್ರೆಗೆ ರೀ. ಗರ್ಭಕಂಠದಲ್ಲಿ ಕೆಟ್ಟ ಜೀವಕೋಶ ಇತ್ತು, ತೆಗೆದ್ರು. ಇದೇ ವೈರಸ್ಸು. ನಾಲ್ಕು ವಾರ ಸಂಪರ್ಕ ಬೇಡ ಅಂದ್ರು. ನೀವು 'ಎಲ್ಲಿಂದ ತಂದೆ?' ಅಂತೀರೇನೋ ಅಂತ..."

"ಹುಚ್ಚಿ! ಒಬ್ಳೇ ಹೋಗಿದ್ಯಾ?" ಸಾಹೇಬರು ಅವಳ ಕೈ ಹಿಡಿದರು. "ಮುಂದಿನ ಸಲ ಇಬ್ರೂ ಹೋಗೋಣ."

"ಪಕ್ಕದಲ್ಲಿ ಮಲಗಿದ್ರೆ ಅಂಟಲ್ಲ ಅಂತಾನೂ ಹೇಳಿದ್ರು."

"ಮತ್ತೆ ಮಂಚ ಯಾಕೆ ಎಳೆದೆ?"

ಅವಳ ಕಿವಿ ಕೆಂಪಾಯಿತು. "ನಂಗೆ ನನ್ನ ಮೇಲೇ ನಂಬಿಕೆ ಇರ್ಲಿಲ್ಲ."

ಸಾಹೇಬರು ಒಂದು ಮಂಚ ಹಿಡಿದು ಎಳೆದರು. ಎರಡೂ ಒಟ್ಟಿಗೆ ಬಂದವು. ಕೆಳಗಿನಿಂದ ಅಜ್ಜಿ ಛಾವಣಿಗೆ ಕೋಲಿನಿಂದ ಕುಟ್ಟಿದರು.

ಅಭ್ಯಾಸಬಲದಿಂದ ಅವರು ಟೇಪು ಬಿಚ್ಚಿದರು. ಮಂಚಗಳ ನಡುವಿನ ಅಂತರ, ಸೊನ್ನೆ ಸೆಂಟಿಮೀಟರ್. ಕಾಯಬೇಕಾದದ್ದು, ಇನ್ನೂ ಹದಿನೇಳು ದಿನ.