ನೀರಿಗೆ ಕೊರಡು ಹೊಡೆದ ಕಥೆ

ಹಲಗೆ ಆರಿಸುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಮುನವಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ. ಮನೆಯ ಬಾಗಿಲು, ಬಂಡಿಯ ಹಲಗೆ, ಅಟ್ಟದ ತೊಲೆ ಎಲ್ಲವನ್ನೂ ನಾನೇ ಬೆರಳಿನಿಂದ ಬಡಿದು, ಮೂಗಿನಿಂದ ಮೂಸಿ ತಂದದ್ದು. ನಾನು ಓದಿದ್ದು ಎರಡನೆಯ ಇಯತ್ತೆ. ಆದರೆ ಕಟ್ಟಿಗೆ ಯಾರನ್ನೂ ಇಯತ್ತೆ ಕೇಳುವುದಿಲ್ಲ!

ಹೀಗಿರುವಾಗ ದೀಪಾವಳಿ ಸೂಟಿಗೆ ಮುಂಬಯಿಯಿಂದ ನನ್ನ ಮಗಳ ಮಗಳು ನೀಲಾ ಬಂದಳು. ಈ ಹುಡುಗಿ ಬಂದರೆ ನಮ್ಮ ಮನೆಯ ಕಂಬಗಳೂ ನಗುತ್ತವೆ. ಕಾಲೇಜು ಸೇರಿದ್ದಾಳೆ, ಮೀನಿನಂತೆ ಈಜುತ್ತಾಳೆ, ಆದರೂ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಹಾಗೆ ಮಲಗಿಕೊಂಡೇ ಹೇಳಿದಳು:

"ಅಜ್ಜಾ, ನನಗೊಂದು ಹಲಗಿ ಬೇಕು."

"ಯಾತಕ್ಕವ್ವಾ? ಕೇರಂ ಆಡಾಕೇನು?"

"ನೀರ ಮ್ಯಾಲ ನಿಂದ್ರಾಕ. ಮುಂದ ಮೋಟಾರ ದೋಣಿ ಹೋಗ್ತದ, ಅದರ ಹಿಂದ ನಾ ಹಲಗಿ ಮ್ಯಾಲ ನಿಂತು ಬರ್ತೇನಿ. ಮುಂಬೈ ಸಮುದ್ರದಾಗ ಫಾರಿನ್ ಮಂದಿ ಹಂಗ ಮಾಡ್ತಾರ. ನಾನೂ ಮಾಡೇನಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಂಗವ್ವ ಕೈ ನಿಲ್ಲಿಸಿದಳು. "ಅಯ್ಯ ಶಿವನ! ದೋಣ್ಯಾಗ ಕುಂಡ್ರಾಕ ಜಾಗಾ ಇಲ್ಲಂತೇನು, ಹಿಂದ ನಿಂತು ಬರಾಕ?"

ನೀರಿಗೆ ನಮ್ಮಲ್ಲಿ ಬರವಿರಲಿಲ್ಲ. ಅಣೆಕಟ್ಟೆ ಕಟ್ಟಿದ ಮೇಲೆ ಮಲಪ್ರಭೆ ನಮ್ಮ ಹೊಲದ ತನಕ ಬಂದು, ಹೊಲವನ್ನೂ ನುಂಗಿ ಕೂತಿದ್ದಳು. ಮೀನಿನ ಗುತ್ತಿಗೆದಾರನ ಮೋಟಾರು ದೋಣಿ ಇತ್ತು. ಅದನ್ನು ನಡೆಸುವ ಹುಸೇನಸಾಬ ನನ್ನ ಹಳೆಯ ಗೆಳೆಯ. ಕೊರತೆ ಇದ್ದದ್ದು ಹಲಗೆಯದು ಮಾತ್ರ.

ಆದರೆ ಸಿಟ್ಟಿನ ಸಂಗತಿ ಮುಂದಿದೆ. ಬೆಳಗಾವಿಯ ನಮ್ಮ ಬೀಗರು, ಅಂದರೆ ನೀಲಾಳ ಅಪ್ಪನ ಅಪ್ಪ, ಇದೇ ಹಲಗೆಯನ್ನು ಆಗಲೇ ಮಾಡಿಸಲು ಕೊಟ್ಟಿದ್ದರಂತೆ! ಪ್ಯಾಂಟು ಹಾಕುವ, ಇಂಗ್ಲಿಷ್ ಪೇಪರು ಓದುವ, ಜನ್ಮದಲ್ಲಿ ಕೆಸರು ತುಳಿಯದ ಮನುಷ್ಯ. ಕಚೇರಿಯ ಬಾಕಿನ ಮೇಲೆ ಕೂತು ಕೂತು ಅವರಿಗೆ ಹಲಗೆಯ ಪರಿಚಯವಾಗಿರಬೇಕು. ಸೂಟಿಯಲ್ಲಿ ಅರ್ಧ ನಮ್ಮ ಮನೆ, ಅರ್ಧ ಅವರ ಮನೆ ಎಂದು ಮೊದಲೇ ಮಾತಾಗಿತ್ತು. ಈ ತುಂಟಿ ಅದನ್ನೂ ಕೆಡಿಸಿದಳು.

"ಯಾವ ಅಜ್ಜನ ಹಲಗಿ ಮ್ಯಾಲ ನಾ ನಿಂದರ್ತೇನೋ, ಆ ಅಜ್ಜನ ಮನ್ಯಾಗ ಪೂರಾ ಸೂಟಿ!"

ನನ್ನ ಮೈಯೆಲ್ಲ ಉರಿಯಿತು. ಪೂರಾ ಸೂಟಿ ಬೀಗರ ಮನೆಯಲ್ಲಿ? ನಾನು ಬದುಕಿರುವಾಗ?

"ಹಲಗಿ ಹೆಂಗಿರಬೇಕು ಹೇಳು" ಎಂದೆ.

"ಹಗುರ ಇರಬೇಕು. ಮೂತಿ ಸ್ವಲ್ಪ ಮ್ಯಾಲ ಬಾಗಿರಬೇಕು. ಕೆಳಗ ಹಿಂದಿನ ತುದಿಗೆ ಸಣ್ಣ ರೆಕ್ಕಿ ಇರಬೇಕು. ಹಗ್ಗಾ ಹಲಗಿಗಿ ಕಟ್ಟಂಗಿಲ್ಲ, ಕೈಯಾಗ ಹಿಡೀಬೇಕು. ಆಮ್ಯಾಲ ಅದನ್ನೂ ಬಿಟ್ಟಬಿಡಬೇಕು."

"ಬಿಟ್ಟರ ಎಳಿಯೋರು ಯಾರು?"

"ದೋಣಿ ಹಿಂದ ಏಳೋ ತೆರಿ ದೂಡ್ತದ ಅಜ್ಜಾ."

"ಎತ್ತು ಬಿಟ್ಟು ಧೂಳಿಗೆ ನೊಗಾ ಕಟ್ಟಿದಂಗಾತು!" ಎಂದು ನಾನು ನಕ್ಕೆ. ಆ ನಗೆಯೇ ನನ್ನ ಕೊನೆಯ ನಗೆ.

ಮರುದಿನ ಯರಗಟ್ಟಿಯ ಕಟ್ಟಿಗೆ ಅಡ್ಡೆಗೆ ಹೋದೆ. ಹಲಗೆಯನ್ನು ಪರೀಕ್ಷೆ ಮಾಡದೆ ಆರಿಸುವುದು ನಮ್ಮ ಮನೆತನದಲ್ಲಿ ಇಲ್ಲ. ಒಂದೊಂದನ್ನೂ ನೆಲಕ್ಕೆ ಹಾಕಿಸಿ, ಹಗ್ಗ ಕಟ್ಟಿಸಿ, ಮೇಲೆ ನಿಂತು, ಇಬ್ಬರು ಹಮಾಲರಿಂದ ಎಳೆಸಿದೆ. ಅಡ್ಡೆಯ ತುಂಬ ಧೂಳೆದ್ದಿತು. ಮಾಲೀಕ ಓಡಿ ಬಂದ.

"ಗೌಡ್ರ, ಇದೇನ್ ನಡಿಸೀರಿ? ಯಾತಕ್ಕ ಬೇಕ್ರಿ ಕಟ್ಟಿಗಿ?"

"ನೀರ ಮ್ಯಾಲ ನಿಂದ್ರಾಕ."

"ನಿಂದ್ರಾಕ ನಿಮಗ ಬ್ಯಾರೆ ಜಾಗಾ ಸಿಗಲಿಲ್ಲೇನ್ರಿ?"

ನಾನು ಮುಂದಿನ ಹಲಗೆ ಹತ್ತಿದೆ. ಅವನ ಹಲಗೆಗಳೆಲ್ಲ ಹಗುರ. ಕಲ್ಲು ತಾಗಿದರೆ ಪುಟಿಯುತ್ತಿದ್ದವು, ಒಂದಂತೂ ನನ್ನನ್ನು ತೌಡಿನ ಚೀಲದ ಮೇಲೆ ಕೆಡವಿತು. ಹಮಾಲರು ನಕ್ಕರು. ಮಾಲೀಕನೂ ನಕ್ಕ. ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಮನೆಗೆ ಬಂದೆ.

ಹಿತ್ತಲಲ್ಲಿ ಕಾಲು ತೊಳೆಯುವಾಗ ಕಣ್ಣಿಗೆ ಬಿತ್ತು, ನಮ್ಮ ಕೊರಡು! ಉತ್ತ ಹೊಲದ ಹೆಂಟೆ ಒಡೆದು ನೆಲ ಸಮ ಮಾಡಲು ಎತ್ತುಗಳ ಹಿಂದೆ ಕಟ್ಟುವ ಜಾಲಿಯ ದಪ್ಪ ದಿಮ್ಮಿ. ಅದರ ಮೇಲೆ ನಿಂತು ನಾನು ಮುದುಕನಾಗಿದ್ದೇನೆ. ಮುಂದೆ ಎತ್ತು ಎಳೆಯುತ್ತದೆ, ಹಿಂದೆ ಮನುಷ್ಯ ನಿಂತು ಹೋಗುತ್ತಾನೆ. ಮುಂಬಯಿಯ ಫಾರಿನ್ ಮಂದಿ ಮಾಡುವುದು ಇದನ್ನೇ ಅಲ್ಲವೆ? ಹೊಲದ ಬದಲು ನೀರು, ಎತ್ತಿನ ಬದಲು ದೋಣಿ. ನಮ್ಮ ವಿದ್ಯೆಯನ್ನು ಕದ್ದು ನಮ್ಮ ಹುಡುಗಿಗೇ ಕಲಿಸುತ್ತಾರೆ! ಮತ್ತು ಕೊರಡಿನ ಮೊದಲ ಧರ್ಮ ಯಾವುದು? ಭಾರ! ಹಗುರ ಕೊರಡು ಜಿಗಿಯುತ್ತದೆ, ಭಾರದ ಕೊರಡು ಕಚ್ಚಿ ಹಿಡಿಯುತ್ತದೆ. ನೀರಲ್ಲಿಯೂ ಕಚ್ಚಿ ಹಿಡಿಯಲಿ ಎಂದು ಎರಡೂ ತುದಿಗೆ ಕಬ್ಬಿಣದ ಪಟ್ಟಿ ಬಡಿಸಿದೆ.

ನೀಲಾ ಅದನ್ನು ನೋಡಿ ಸೆರಗಿಲ್ಲದ್ದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದಳು. "ಅಜ್ಜಾ, ಇದು ತೇಲೂದಿಲ್ಲ."

"ನೀ ನಿನ್ನೆ ಹುಟ್ಟಿದಾಕಿ. ಸುಮ್ನಿರು."

ಹೊಸ ಸಾಮಾನು ಯಾವುದೇ ಇರಲಿ, ಮೊದಲು ಪೂಜೆ, ಆಮೇಲೆ ಮನೆಯ ಹಿರಿಯ ಅದನ್ನು ಹೂಡಬೇಕು. ಇದು ನಮ್ಮ ಪದ್ಧತಿ. ದಂಡೆಯ ಮೇಲೆ ಕೊರಡಿಗೆ ಅರಿಸಿನದ ಭಂಡಾರ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆದೆವು. ಊರಿಗೆ ನಾನು ಹೇಳಿರಲಿಲ್ಲ, ಆದರೂ ಊರು ಬಂದಿತ್ತು. ಕೆಲವರು ರೊಟ್ಟಿ ಗಂಟು ಕೂಡ ತಂದಿದ್ದರು.

"ಗೌಡ್ರ, ಇನ್ನೊಮ್ಮೆ ವಿಚಾರ ಮಾಡ್ರಿ" ಎಂದ ಹುಸೇನಸಾಬ ದೋಣಿಯಿಂದ.

"ನೀ ನಿನ್ನ ಎತ್ತು ಹೊಡಿ" ಎಂದೆ.

"ಹಗ್ಗಾ ಕೊರಡಿಗಿ ಕಟ್ಟಬ್ಯಾಡ ಅಜ್ಜಾ" ಎಂದಳು ದೋಣಿ ಹತ್ತಿದ ನೀಲಾ. ನಾನು ಎರಡೂ ತುದಿಗೆ ಕಟ್ಟಿದೆ. ಬಿಗಿಯಾಗಿ ಕಟ್ಟಿದೆ. ಧೋತರ ಎತ್ತಿ ಕಟ್ಟಿ, ರುಮಾಲು ಸರಿ ಮಾಡಿಕೊಂಡು, ಮೊಣಕಾಲುದ್ದ ನೀರಿನಲ್ಲಿ ಕೊರಡಿನ ಮೇಲೆ ನಿಂತೆ.

ದೋಣಿ ಗರ್ಜಿಸಿತು. ಕೊರಡು ಹೊರಟಿತು. ಮೊದಲ ಕ್ಷಣ ಏನು ವೈಭವ! ಆಳವಿಲ್ಲದ ನೀರಿನ ಕೆಳಗೆ ಕೆಸರಿತ್ತು. ಕೊರಡು ಆ ಕೆಸರನ್ನು ಅಂಗಳದಂತೆ ಸಮ ಮಾಡಿತು. ನಾನು ದಂಡೆಯ ಕಡೆ ತಿರುಗಿ "ನೋಡ್ರಿ!" ಎಂದು ಕೂಗಿದೆ.

ಅವರು ನೋಡುತ್ತಲೇ ಇದ್ದರು. ಕಾಣದೆ ಹೋಗುತ್ತಿದ್ದವನು ನಾನು!

ಆಳ ಬಂದಿತ್ತು. ಕೊರಡು ತನ್ನ ಧರ್ಮ ಬಿಡಲಿಲ್ಲ, ಕೆಳಗೇ ನಡೆಯಿತು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ಗದ್ದಕ್ಕೆ ಬಂತು. ರುಮಾಲು ನನ್ನನ್ನು ಬಿಟ್ಟು ತಾನೊಂದೇ ತೇಲಿತು. "ಹೋ! ಹೋ!" ಎಂದು ಎತ್ತನ್ನು ನಿಲ್ಲಿಸುವಂತೆ ಕೂಗಿದೆ. ನಮ್ಮ ಎತ್ತುಗಳಾದರೆ ಒಂದೇ ಮಾತಿಗೆ ನಿಲ್ಲುತ್ತಿದ್ದವು. ಈ ದರಿದ್ರ ಯಂತ್ರಕ್ಕೆ ಸಂಸ್ಕಾರವಿಲ್ಲ! ದೋಣಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಬಲೆ ಸಿಕ್ಕಿಹಾಕಿಕೊಂಡರೆ ಜೋರಾಗಿ ಎಳೆಯುವುದು ಹುಸೇನಸಾಬನ ರೂಢಿ. ಇನ್ನಷ್ಟು ಜೋರಾಗಿ ಓಡಿಸಿದ!

ನಾನು ಈಜಬಲ್ಲೆ. ಆದರೆ ನನ್ನ ಧೋತರ ಕಬ್ಬಿಣದ ಪಟ್ಟಿಯ ಮೊಳೆಗೆ ಸಿಕ್ಕಿತ್ತು. ಮಾನವೋ ಪ್ರಾಣವೋ ಎಂದು ಕ್ಷಣ ವಿಚಾರ ಮಾಡಿದೆ. ಆಮೇಲೆ ಧೋತರ ಬಿಚ್ಚಿದೆ.

ಅಷ್ಟರಲ್ಲಿ ನೀಲಾ ದೋಣಿಯಿಂದ ಜಿಗಿದು ನನ್ನ ರಟ್ಟೆ ಹಿಡಿದಿದ್ದಳು. ಹುಸೇನಸಾಬ ಚಾಕುವಿನಿಂದ ಹಗ್ಗ ಕೊಯ್ದ. ನಾನು ಲಂಗೋಟಿಯಲ್ಲಿ ದಂಡೆ ಹತ್ತಿದಾಗ ಊರಿನ ಹೆಂಗಸರೆಲ್ಲ ಮುಖ ತಿರುಗಿಸಿದರು. ಆದರೆ ಒಬ್ಬಳೂ ಎದ್ದು ಹೋಗಲಿಲ್ಲ.

"ಕೊರಡು! ನನ್ನ ಕೊರಡು!" ಎಂದು ನಾನು ನಡುಗುತ್ತ ಚೀರಿದೆ.

ಗಂಗವ್ವ ನನಗೆ ಕಂಬಳಿ ಹೊದಿಸಿದಳು. "ಹೋಗ್ಲಿ ಬಿಡ್ರಿ. ನಮ್ಮ ಮುಳುಗಿದ ಹೊಲಾ ಅಲ್ಲೇ ಕೆಳಗ ಐತೆಲ್ಲ. ಕೊರಡು ತನ್ನ ಮನಿಗಿ ತಾ ಹೋಗೇತಿ. ನೀವು ನಿಮ್ಮ ಮನಿಗಿ ನಡೀರಿ."

ಗಾಯಕ್ಕೆ ಖಾರದ ಪುಡಿ ಬೇಕಲ್ಲ, ಅದು ಮರುದಿನದ ಬಸ್ಸಿಗೆ ಬಂತು. ಬಸ್ಸಿನ ತಲೆಯ ಮೇಲೆ ಚಾದರದಲ್ಲಿ ಸುತ್ತಿದ ಹಲಗೆ, ಬಸ್ಸಿನ ಒಳಗೆ ಬೀಗರು!

"ಹಲಗಿ ತಯಾರಾತ್ರಿ ಬೀಗರ" ಎಂದರು ನಗುತ್ತ. "ಆದ್ರ ನಮ್ಮಲ್ಲೆ ಇಂಥಾ ನೀರೆಲ್ಲಿ, ಮೋಟಾರ ದೋಣಿ ಎಲ್ಲಿ? ಅದಕ್ಕ ಇಲ್ಲೇ ತಂದೆ. ನೀವು ನಿನ್ನೆ ಭಾಳ ಆಳಕ್ಕ ಹೋಗಿದ್ದಿರಂತ ಬಸ್ಸಿನಾಗ ಕೇಳಿದೆ."

ನಾನು ಅವರ ಹಲಗೆಯನ್ನು ಒಂದೇ ಕೈಯಲ್ಲಿ ಎತ್ತಿದೆ. "ಇದೇನು ಹಲಗಿಯೋ ಹಪ್ಪಳವೋ?" ಕೆಂಪು ಬಣ್ಣ ಬಳಿದು, ಕಾಲು ಜಾರದಂತೆ ಮೇಲೆ ಮೇಣ ತಿಕ್ಕಿದ್ದರು. ಮೂತಿ ಬಾಗಿತ್ತು, ರೆಕ್ಕೆಯೂ ಇತ್ತು. ಹುಡುಗಿ ಹೇಳಿದ್ದನ್ನು ಹೇಳಿದಂತೆ ಮಾಡಿಸಿದ್ದರು. ಸ್ವಂತ ಬುದ್ಧಿ ಇಲ್ಲದ ಮನುಷ್ಯ!

ಮತ್ತೆ ಊರು ಸೇರಿತು. ದೋಣಿ ಹೊರಟಿತು. ನಾನು ಕಣ್ಣು ಮುಚ್ಚಿದೆ. ಹಲಗೆ ಮುರಿಯಲಿ ಎಂದು ದೇವರನ್ನು ಕೇಳುವಂತಿಲ್ಲ, ಅದರ ಮೇಲಿರುವವಳು ನನ್ನ ಮೊಮ್ಮಗಳು. ಮುರಿಯದಿರಲಿ ಎಂದರೆ ಸೂಟಿ ಬೀಗರ ಪಾಲು. ದೇವರಿಗೆ ಏನನ್ನೂ ಹೇಳದೆ ಸುಮ್ಮನೆ ಹಲ್ಲು ಕಚ್ಚಿದೆ.

ಜನರ ಕೇಕೆ ಕೇಳಿ ಕಣ್ಣು ಬಿಟ್ಟರೆ ನೀಲಾ ನಿಂತಿದ್ದಳು! ನೀರಿನ ಮೇಲೆ, ನೆಟ್ಟಗೆ! ಹಗ್ಗವನ್ನು ದೋಣಿಗೆ ಎಸೆದು, ಎರಡೂ ಕೈ ಚಾಚಿ, ಬರೀ ತೆರೆಯ ಮೇಲೆ ತೇಲುತ್ತ ಬರುತ್ತಿದ್ದಳು. ಕೊಕ್ಕರೆ ಇಳಿದಂತೆ! "ಅಜ್ಜಾ! ನೋಡು ಅಜ್ಜಾ!" ಎಂದು ಕೂಗಿದಳು. ನನಗೆ ಹುಚ್ಚೇ ಹಿಡಿಯಿತು. ಕುಣಿದೆ, ಸೀಟಿ ಹೊಡೆದೆ, ಪಕ್ಕದಲ್ಲಿದ್ದವರನ್ನು ತಬ್ಬಿಕೊಂಡು ಎತ್ತಿ ತಿರುಗಿಸಿದೆ.

ಇಳಿಸಿ ನೋಡಿದರೆ ಬೀಗರು!

"ಪಂದ್ಯಾ ನಾ ಗೆದ್ದೆನ್ರಿ" ಎಂದರು ಅವರು ಕನ್ನಡಕ ಸರಿ ಮಾಡಿಕೊಳ್ಳುತ್ತ. "ಪೂರಾ ಸೂಟಿ ನಮ್ಮ ಮನ್ಯಾಗ."

ನೀಲಾ ಕೂದಲು ಹಿಂಡುತ್ತ ಬಂದಳು.

"ಅಲ್ಲೆ ನೀರಿಲ್ಲ, ಇಲ್ಲೆ ಹಲಗಿ ಇಲ್ಲ. ನಾ ಇಲ್ಲೇ ಇರ್ತೇನಿ, ಹಲಗಿನೂ ಇಲ್ಲೇ ಇರ್ಲಿ. ಬೆಳಗಾವಿ ಅಜ್ಜಾ, ನೀನೂ ಇಲ್ಲೇ ಇದ್ದಬಿಡು! ಪೂರಾ ಸೂಟಿ ನಿನ್ನ ಜೋಡಿನ ಆತು, ಪಂದ್ಯಾದ ಮಾತೂ ಉಳೀತು."

"ಹಂಗಾದ್ರ ಆಗ್ಲಿ" ಎಂದರು ಬೀಗರು. ಒಂದು ಸಲವೂ ಬೇಡ ಅನ್ನಲಿಲ್ಲ!

ಮೊಮ್ಮಗಳು ಉಳಿದಳು. ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಬೀಗರೂ ಉಳಿದರು. ಸಿಟ್ಟೂ ಅದೇ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಗಂಗವ್ವ ಅವರಿಗೆ ದಿನಾ ಹೋಳಿಗೆ ಬಡಿಸುತ್ತಾಳೆ, ತುಪ್ಪ ನನಗಿಂತ ಮೊದಲು ಅವರಿಗೆ. ಮುಂಜಾನೆ ಹಲಗೆಯನ್ನು ನೀರಿನ ತನಕ ಹೊರುವುದು ನನ್ನ ಕೆಲಸ. ಬೀಗರು ಕೈಬೀಸಿಕೊಂಡು ಹಿಂದೆ ಬರುತ್ತಾರೆ. "ಸಾವಕಾಶ್ರೀ ಬೀಗರ, ಮೂತಿ ಗ್ವಾಡಿಗಿ ತಾಗೀತು!"

ದಾರಿಯಲ್ಲಿ ಜನ ನಿಲ್ಲಿಸಿ ಕೇಳುತ್ತಾರೆ: "ಭಾರಿ ಚಲೋ ಹಲಗಿ. ಯಾರು ಆರಿಸಿದ್ದು?"

"ನಾನು" ಎನ್ನುತ್ತಾರೆ ಬೀಗರು. ನನ್ನ ಕಡೆ ಕೈ ತೋರಿಸಿ, "ಇವರು ಹೊರೋರು."

ಅಲ್ಲ ಎಂದು ಸಿಟ್ಟಿನಿಂದ ತಲೆ ಅಲ್ಲಾಡಿಸಬೇಕೆನಿಸುತ್ತದೆ. ಹೇಗೆ ಅಲ್ಲಾಡಿಸಲಿ? ಹಲಗೆ ಇರುವುದು ತಲೆಯ ಮೇಲೆಯೇ!