ಬೀಗ ಹಾಕಿಕೊಂಡು ಹೇಳಿದ ಧನ್ಯವಾದ

ಈ ಸಲ ಅತಿಥಿಗಳಿಂದ ಒಂದು ಚಮಚವನ್ನೂ ಎತ್ತಿಸುವುದಿಲ್ಲವೆಂದು ದೊಡ್ಡ ಮೇಡಂ ಶಪಥ ಮಾಡಿದರು. ಚರ್ಚಿನ ಭಾನುವಾರದ ಶಾಲೆಗೆ ಅವರೇ ಮೇಲ್ವಿಚಾರಕಿ. ಮನೆಯವರು ಬಂದು ಕೊನೆಯ ಮಗುವನ್ನು ಕರೆದುಕೊಂಡು ಹೋಗುವವರೆಗೆ ಟೀಚರ್ ಕದಲಕೂಡದು ಎಂಬ ನಿಯಮ ಮಾಡಿದವರೂ ಅವರೇ. ಸಂಬಳವಿಲ್ಲದೆ ಮಕ್ಕಳ ಮೂಗೊರೆಸಿ ಹಾಡು ಕಲಿಸುವವರಿಗೆ ಹೋದ ವರ್ಷ ಚರ್ಚಿನ ಹಾಲ್‌ನಲ್ಲಿ ಸನ್ಮಾನ ಮಾಡಿದ್ದನ್ನು ನೆನೆದರೆ ಅವರಿಗೆ ಈಗಲೂ ಮೈ ಉರಿಯುತ್ತಿತ್ತು. ಸನ್ಮಾನಿತರೇ ಕುರ್ಚಿ ಹಾಕಿ, ಸನ್ಮಾನಿತರೇ ಚಹಾ ಹಂಚಿ, ಕಸ ಗುಡಿಸಿ, ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡು ಮನೆಗೆ ಹೋಗಿದ್ದರು.

ಆದ್ದರಿಂದ ಈ ಸಲದ ಔತಣ ಮೇಡಂ ಮನೆಯಲ್ಲಿ. ಗಣಿತದ ಪ್ರಾಧ್ಯಾಪಕಿಯಾಗಿ ನಿವೃತ್ತರಾದ ಮೇಡಂ ಒಂಟಿ ಜೀವ. ಹಾಲಿನವನನ್ನೂ ಮೀಟರ್ ನೋಡುವವನನ್ನೂ ಬಿಟ್ಟರೆ ಆ ಮನೆಗೆ ಬರುವವರಿರಲಿಲ್ಲ. ಅವರಿಬ್ಬರೂ ಕೂತು ಹೋಗುವ ಪೈಕಿ ಅಲ್ಲ. ಬಂದವರು ಊಟದ ಮೇಲೂ ಒಂದಿಷ್ಟು ಹೊತ್ತು ಕೂತಾರೆಂಬ ಆಸೆ ಮೇಡಂಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಬಂದವರು ಬಂದ ಕೂಡಲೇ ಬಟ್ಟೆಯ ತೋಳು ಮಡಚಿ ಕೆಲಸಕ್ಕೆ ನಿಂತರು. ಶಿಶುವರ್ಗದ ಟೀಚರ್, ವಾರವಿಡೀ ಬಟ್ಟೆ ಹೊಲಿಯುವಾಕೆ, ನೇರ ಅಡುಗೆಮನೆಗೆ ನುಗ್ಗಿದಳು.

"ಮೇಡಂ, ತಟ್ಟೆ ತೊಳ್ದುಬಿಡ್ಲಾ?"

"ಇನ್ನೂ ತಿಂದೇ ಇಲ್ಲ, ತೊಳೆಯೋದೇನು? ಹೋಗಿ ಕೂತ್ಕೊಳ್ಳಿ."

"ಕೂತು ಅಭ್ಯಾಸ ಇಲ್ಲ ಮೇಡಂ," ಎಂದ ಭಾನುವಾರ ಮಕ್ಕಳಿಗೆ ಗಿಟಾರ್ ನುಡಿಸುವ ಗುಮಾಸ್ತ. "ನಮ್ಮ ಕ್ಲಾಸಿನ ಕುರ್ಚಿ ಮೊಣಕಾಲೆತ್ತರ. ಇಷ್ಟು ಎತ್ತರದಲ್ಲಿ ಕೂತ್ರೆ ತಲೆ ಸುತ್ತುತ್ತೆ."

"ಸುತ್ತಲಿ. ಯಾರೂ ಏಳೋ ಹಾಗಿಲ್ಲ."

ಎಲ್ಲರನ್ನೂ ಹೊರಗಟ್ಟಿ, ಮೇಡಂ ಅಡುಗೆಮನೆಗೆ ಒಳಗಿನಿಂದ ಬೀಗ ಹಾಕಿಕೊಂಡರು. ಓವನ್ನಿನಲ್ಲಿ ಕೇಕು ಉಬ್ಬುತ್ತಿತ್ತು. ತಟ್ಟೆಗಳನ್ನು ಹೊರಗೊಯ್ಯಲು ಕೀಲಿ ತಿರುಗಿಸಿದರೆ ಅದು ಅರ್ಧ ಕೈಗೆ ಬಂತು, ಅರ್ಧ ಬೀಗದಲ್ಲೇ ಉಳಿಯಿತು.

ಪ್ರಾಧ್ಯಾಪಕಿಯಾದವರು ಗಾಬರಿಯಾಗುವುದಿಲ್ಲ, ಸಮಸ್ಯೆಯನ್ನು ಪರಿಶೀಲಿಸುತ್ತಾರೆ. ಹೇರ್‌ಪಿನ್ನಿನಿಂದ ಪರಿಶೀಲಿಸಿದರು, ಚಾಕುವಿನಿಂದ ಪರಿಶೀಲಿಸಿದರು. ಈ ಸಂಶೋಧನೆ ಮುಗಿಯುವುದರೊಳಗೆ ಕೇಕು ಕರಿಹಲಗೆಯ ಬಣ್ಣಕ್ಕೆ ತಿರುಗಿತ್ತು. ಕೂಗಿ ಕರೆಯಲು ನಾಲಿಗೆ ಏಳಲಿಲ್ಲ. ಹೊರಗೆ ಎಲ್ಲರೂ ಹೇಳಿದ ಮಾತು ಕೇಳಿಕೊಂಡು ಅಲುಗಾಡದೆ ಕೂತಿದ್ದರು. ಮನೆ ತುಂಬ ಜನ ಬಂದ ದಿನವೂ ಮೇಡಂ ಒಬ್ಬರೇ, ಅದೂ ಸ್ವಂತ ಖರ್ಚಿನಲ್ಲಿ.

"ಮೇಡಂ, ಏನೋ ಸೀದ ವಾಸನೆ," ಎಂದಳು ಶಿಶುವರ್ಗದ ಟೀಚರ್ ಬಾಗಿಲಾಚೆಯಿಂದ.

"ಏನಿಲ್ಲ."

"ಬಾಗಿಲು ತೆಗೀರಿ."

ಒಳಗಿನಿಂದ ಸಣ್ಣ ದನಿ ಬಂತು. "ಬರ್ತಾ ಇಲ್ಲ."

ಆ ದನಿ ಟೀಚರ್‌ಗೆ ಪರಿಚಿತ. ಭಾನುವಾರದ ಶಾಲೆಯ ಬಚ್ಚಲಲ್ಲಿ ಯಾವುದಾದರೊಂದು ಮಗು ಚಿಲಕ ಹಾಕಿಕೊಂಡು ಸಿಕ್ಕಿಬೀಳುವುದು ಮಾಮೂಲು, ಅದಕ್ಕೆ ಮದ್ದೂ ಗೊತ್ತು. ಆಕೆ ನೆಲದ ಮೇಲೆ ಕೂತು ಬಾಗಿಲಿಗೆ ಕೆನ್ನೆ ಹಚ್ಚಿದಳು.

"ಹೆದ್ರಬಾರ್ದು, ಆಯ್ತಾ? ನಾನು ಇಲ್ಲೇ ಇದ್ದೀನಿ. ಸ್ವಲ್ಪ ಹಿಂದೆ ನಿಂತ್ಕೋ, ಚಿನ್ನ."

ಟೀಚರ್ ಚೀಲದ ಒಂದು ಬಿಸ್ಕತ್ತು ಬಾಗಿಲಡಿಯಿಂದ ಒಳಗೆ ತೂರಿ ಬಂತು. ಗುಮಾಸ್ತ ಬಾತುಕೋಳಿಯ ಹಾಡು ಎತ್ತಿಕೊಂಡ.

"ನನಗೆ ಹಾಡು ಬೇಕಾಗಿಲ್ಲ," ಎಂದು ಮೇಡಂ ಗುಡುಗಿದರು.

"ಮೊದಲು ಎಲ್ರೂ ಹಾಗೇ ಅಂತಾರೆ," ಎಂದು ಗುಮಾಸ್ತ ಎರಡನೆಯ ಚರಣಕ್ಕೆ ಹೋದ.

ಮೇಡಂ ಬಿಸ್ಕತ್ತು ತಿಂದರು. ಯಾರೂ ನೋಡುತ್ತಿರಲಿಲ್ಲ.

ಹಾಡು ಮುಗಿಸಿ ಗುಮಾಸ್ತ ಬಾಗಿಲಿನ ಕೀಲು ಕಳಚಿದ. ಬಾಗಿಲು ಬಿದ್ದದ್ದೇ ತಡ, ಸನ್ಮಾನಿತರು ಒಳನುಗ್ಗಿ ಕೇಕಿನ ಕರಿ ಕೆರೆದರು, ಚಹಾ ಕಾಸಿದರು, ಪಾತ್ರೆ ತೊಳೆದರು, ನೆಲ ಒರೆಸಿದರು. ಆಮೇಲೆ ಒಬ್ಬೊಬ್ಬರಾಗಿ ಹೊರಟರು. ಹೋದ ವರ್ಷಕ್ಕೂ ಈ ವರ್ಷಕ್ಕೂ ವ್ಯತ್ಯಾಸ ಒಂದು ಬಾಗಿಲು ಮಾತ್ರ.

ಕೊನೆಗೆ ಉಳಿದವಳು ಶಿಶುವರ್ಗದ ಟೀಚರ್. ಚೀಲ ಹೆಗಲಿಗೇರಿಸಿದವಳು ಮೇಡಂ ಮೂಗಿನ ಮೇಲಿನ ಮಸಿ ಕಂಡು ಕರವಸ್ತ್ರದಿಂದ ಒರೆಸಿದಳು. ಒರೆಸುತ್ತ, ಅಭ್ಯಾಸಬಲದಿಂದ ಕೇಳಿಬಿಟ್ಟಳು.

"ನಿನ್ನ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ, ಪುಟ್ಟಾ?"

ಕೇಳಿ ನಾಲಿಗೆ ಕಚ್ಚಿಕೊಂಡಳು.

"ಯಾರೂ ಬರೋದಿಲ್ಲ," ಎಂದರು ಮೇಡಂ, ಲೆಕ್ಕದ ಉತ್ತರ ಹೇಳುವವರಂತೆ.

ಟೀಚರ್ ಚೀಲವನ್ನು ಮತ್ತೆ ಕೆಳಗಿಟ್ಟು ಕೂತಳು. "ಹಾಗಾದ್ರೆ ನಾನು ಹೋಗೋ ಹಾಗಿಲ್ಲ ಮೇಡಂ. ನಿಯಮ."

ಮೇಡಂ ಆ ನಿಯಮಕ್ಕೆ ವಿನಾಯಿತಿ ಹುಡುಕಿದರು. ನಿಯಮ ಮಾಡಿದವರು ಅಂಥದ್ದೊಂದನ್ನೂ ಇಟ್ಟಿರಲಿಲ್ಲ.

ಅವರು ಎದುರಿನ ಕುರ್ಚಿ ಎಳೆದುಕೊಂಡರು. "ಇನ್ನೊಂದು ಬಿಸ್ಕತ್ತು ಇದೆಯಾ?"